ಕೆರೆಯ ಗಿಡಗಳು ಹಳದಿಯಾದ ವರ್ಷ

ಹೋದ ತಿಂಗಳು ರಾಯಚೂರಿನಿಂದ ಸಿಂಧನೂರಿಗೆ ಹೊರಟಿದ್ದೆ. ಬಸ್ಸು ಮಾನ್ವಿಯ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತಿತು. ಕಿಟಕಿಯ ಗಾಜು ಸರಿಸಿದೆ, ಆ ವಾಸನೆ ಬಂತು. ಅಕ್ಕಿ ಗಿರಣಿಗಳಲ್ಲಿ ಭತ್ತವನ್ನು ತೊಟ್ಟಿಗೆ ಹಾಕಿ ನೆನೆಸುತ್ತಾರೆ, ಆಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ಆ ನೆನೆದ ನೀರಿಗೆ ಎರಡು ದಿನ ಹಳೆಯದಾದ ಗಂಜಿಯ ಹುಳಿ ವಾಸನೆ ಇರುತ್ತದೆ. ಮಾನ್ವಿಯವರ ಮೂಗಿಗೆ ಅದು ರೂಢಿಯಾಗಿದೆ. ನನಗೂ ಒಂದು ವರ್ಷ ರೂಢಿಯಾಗಿತ್ತು. ಕಂಡಕ್ಟರ್ ಸೀಟಿ ಊದುವ ಮೊದಲು ಚೀಲ ತೆಗೆದುಕೊಂಡು ಇಳಿದುಬಿಟ್ಟೆ. ಸಿಂಧನೂರಿನ ಕೆಲಸ ಮರುದಿನಕ್ಕೂ ಆಗುವಂಥದ್ದು.

ಮೂರು ವರ್ಷದ ಹಿಂದೆ ನಾನು ರಾಯಚೂರಿನ ಒಂದು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದೆ. ಮಾನ್ವಿಯಿಂದ ಬಾಗಲವಾಡದ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಊರಿನ ಕೆರೆ ನನ್ನ ಪಾಲಿಗೆ ಬಂದಿತ್ತು. ಊರಿನ ಹೆಸರು ಬರೆಯುವುದಿಲ್ಲ. ಪ್ರತಿ ಮಂಗಳವಾರ ಬೆಳಿಗ್ಗೆ ತೊಡೆಯ ಮೇಲೆ ಐಸ್ ಪೆಟ್ಟಿಗೆ ಇಟ್ಟುಕೊಂಡು ಮಾನ್ವಿಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ಆಟೋದಲ್ಲಿ ಹೋಗುವುದು, ಕೆರೆಯ ನೀರನ್ನು ಬಾಟಲಿಗಳಲ್ಲಿ ತುಂಬುವುದು, ಮಧ್ಯಾಹ್ನದೊಳಗೆ ಪ್ರಯೋಗಾಲಯ ಸೇರುವುದು. ಒಂದು ವರ್ಷ ಇದೇ ನನ್ನ ಕೆಲಸ.

ಕೆರೆಯ ಒಂದು ದಂಡೆಗೆ ಸಣ್ಣ ಮಸೀದಿ. ಅದರ ಬಾಗಿಲಿನಿಂದ ನೀರಿಗೆ ಒಂಬತ್ತು ಕಲ್ಲಿನ ಮೆಟ್ಟಿಲು. ಇನ್ನೊಂದು ದಂಡೆಗೆ ಭತ್ತದ ಗದ್ದೆಗಳು. ಮೇಲುಗಡೆ ಒಂದು ಗಿರಣಿ, ಅಲ್ಲಿಂದ ಒಂದು ಚರಂಡಿ ನೇರ ಕೆರೆಗೆ ಬರುತ್ತಿತ್ತು. ಮೊದಲ ದಿನ ನಾನು ನೋಡಿದಾಗ ನೀರು ಕಪ್ಪಗಿತ್ತು. ಮೇಲೆ ಕೆನೆಯಂಥ ಪದರ. ಕೆಳಗಿನ ನಾಲ್ಕು ಮೆಟ್ಟಿಲುಗಳಲ್ಲಿ ಕಾಲಿಡಲಾಗದಷ್ಟು ಲೋಳೆ.

ನಾನು ಬಗ್ಗಿ ಬಾಟಲಿ ಮುಳುಗಿಸುತ್ತಿದ್ದಾಗ ಮೇಲಿನಿಂದ ಒಂದು ದನಿ ಬಂತು.

“ಏನ್ ಬೇಟಿ, ಇದನ್ನ ತುಂಬ್ಕೊಂಡ್ ಎಲ್ಲಿಗ್ ಒಯ್ತಿ? ರಾಯಚೂರಾಗ ನೀರ್ ಇಲ್ಲೇನು?”

“ಒಯ್ಯಲಿ ಬಿಡ್ರಿ ಚಾಚಾ, ಅಷ್ಟರ ಕಮ್ಮಿ ಆಗ್ತದ” ಎಂದಿತು ಇನ್ನೊಂದು ದನಿ.

ಮೊದಲಿನವರು ರಜಾಕ್ ಸಾಬ್. ಎಪ್ಪತ್ತು ದಾಟಿದವರು. ಮಾನ್ವಿ ಬಜಾರಿನಲ್ಲಿ ಹಗ್ಗ, ಗೋಣಿಪಟ್ಟೆ, ಕುಡುಗೋಲು ಮಾರಿಕೊಂಡು ಬಂದವರು, ಈಗ ದಿನವಿಡೀ ಮಸೀದಿಯ ಕಟ್ಟೆಯ ಮೇಲೆ ಇರುವವರು. ಎರಡನೆಯವನು ಹುಸೇನಪ್ಪ. ಹೆಸರು ಹುಸೇನಪ್ಪ, ಹಣೆಗೆ ಮೂರು ಬೆರಳಿನ ವಿಭೂತಿ. ಮೊಹರಂ ಹರಕೆಗೆ ಹುಟ್ಟಿದ ಮಗನಿಗೆ ಆ ಹೆಸರಿಡುವುದು ನಮ್ಮ ಕಡೆ ಇದ್ದದ್ದೇ. ಅವನ ಎರಡು ಎಕರೆ ಗದ್ದೆ ಕೆರೆಯ ಏರಿಗೆ ಹತ್ತಿಕೊಂಡೇ ಇತ್ತು. ಕೆರೆ ನೋಡಿಕೊಳ್ಳುವ ಕೆಲಸವನ್ನು ಊರವರು ಅವನಿಗೇ ವಹಿಸಿದ್ದರು.

ಗಿರಣಿ, ಊರು, ನಮ್ಮ ಪ್ರಯೋಗಾಲಯ, ಈ ಮೂವರ ನಡುವಿನ ಒಪ್ಪಂದ ಇಷ್ಟಿತ್ತು. ಒಂದು ವರ್ಷ ಗಿರಣಿಯವರು ತಮ್ಮ ನೀರನ್ನು ಕೆರೆಗೆ ಬಿಡದೆ ತಮ್ಮ ಜಾಗದಲ್ಲೇ ಗುಂಡಿ ತೋಡಿ ತಿಳಿಗೊಳಿಸಬೇಕು. ನಾವು ಕೆರೆಯ ಮೇಲೆ ಬಿದಿರಿನ ತೆಪ್ಪಗಳನ್ನು ಕಟ್ಟಿ, ಅವುಗಳಲ್ಲಿ ಕಾಬಾಳೆ ಹೂವಿನ ಗಿಡ ಮತ್ತು ಲಾವಂಚದ ಹುಲ್ಲು ಬೆಳೆಸುತ್ತೇವೆ. ಬೇರುಗಳು ನೀರಿನಲ್ಲಿ ಇಳಿಬಿದ್ದು ಹಳೆಯ ಹೊಲಸನ್ನು ಉಣ್ಣುತ್ತವೆ. ವರ್ಷದ ಕೊನೆಗೆ ನೀರು ಸುಧಾರಿಸಿದ್ದರೆ ಗುಂಡಿಯೂ ತೆಪ್ಪವೂ ಖಾಯಂ. ಇಲ್ಲದಿದ್ದರೆ ಹಳೆಯ ಚರಂಡಿಯೇ.

ನೀರಿನಲ್ಲಿ ಗಾಳಿ ಕರಗಿದೆಯೋ ಇಲ್ಲವೋ ಎಂಬುದನ್ನು ದಂಡೆಯಲ್ಲೇ ನೋಡಬಹುದು. ಬಾಟಲಿಗೆ ಎರಡು ಬಗೆಯ ದ್ರಾವಣ ಹಾಕಿ ಅಲುಗಾಡಿಸಬೇಕು. ಗಾಳಿ ಇದ್ದರೆ ಕಂದು ಬಣ್ಣ, ಇಲ್ಲದಿದ್ದರೆ ಬಿಳಿ. ಮೊದಲ ದಿನ ಹುಸೇನಪ್ಪ ಬಾಟಲಿಯನ್ನು ನೋಡಿ, “ಅಯ್ಯ, ಹಾಲ್ ಆತಲ್ರಿ!” ಎಂದು ಖುಷಿಪಟ್ಟ. ಹಾಲಾದರೆ ಕೆಟ್ಟದ್ದು, ಚಹಾ ಆದರೆ ಒಳ್ಳೆಯದು ಎಂದು ನಾನು ಹೇಳಿದೆ. ಅಂದಿನಿಂದ ಮಂಗಳವಾರ ನಾನು ಆಟೋದಿಂದ ಇಳಿಯುವ ಮುಂಚೆಯೇ ದಂಡೆಯಿಂದ ಕೂಗು. “ಇವತ್ತರ ಚಾ ಕುಡಿಸ್ತೀರೇನ್ ಮೇಡಂ?”

ರಜಾಕ್ ಸಾಬರು ಚಹಾದ ಮಾತಿಗೆ ಸೇರುತ್ತಿರಲಿಲ್ಲ. ಮೂರನೆಯ ಮಂಗಳವಾರ ಅವರು ತಮ್ಮ ಮಾತು ಹೇಳಿದರು. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು, ಬಾಯಿ ಮುಕ್ಕಳಿಸಿ ಶುದ್ಧವಾಗುವುದಕ್ಕೆ ವಜೂ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಅವರ ತಂದೆ ಅವರನ್ನು ಈ ಒಂಬತ್ತರಲ್ಲಿ ಆರನೆಯ ಮೆಟ್ಟಿಲಿನ ಮೇಲೆ ಕೂರಿಸಿ ವಜೂ ಕಲಿಸಿದ್ದರು. ಗಿರಣಿಯ ನೀರು ಬಂದ ಮೇಲೆ ಎಲ್ಲರೂ ನಳಕ್ಕೆ ಹೋದರು.

“ನಮ್ಮಲ್ಲಿ ನೀರಿಗೆ ಮೂರ್ ನೋಡ್ತೇವಿ ಬೇಟಿ. ಬಣ್ಣ, ವಾಸನಿ, ರುಚಿ. ಮೂರೂ ಕೆಟ್ಟಿರಬಾರ್ದು. ನೀ ಎಷ್ಟ್ ನೋಡ್ತಿ?”

“ಹನ್ನೊಂದು ಚಾಚಾ.”

“ಯಾ ಅಲ್ಲಾ! ಹನ್ನೊಂದು!” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಹಂಗಾದ್ರ ನಿನ್ನ ಹನ್ನೊಂದೂ ಆಗ್ಲಿ. ನಾ ಸಾಯೋದ್ರಾಗ ಒಂದ್ ಸಲ ಇಲ್ಲಿ ಇಳಿಬೇಕು, ಅಷ್ಟ. ನೀ ಹೇಳಿದ್ ದಿನ ಇಳಿತೀನಿ” ಎಂದರು.

“ಹೇಳ್ತೀನಿ ಚಾಚಾ” ಎಂದೆ. ಹೇಳುವುದು ನನ್ನ ಕೈಯಲ್ಲಿದ್ದ ಸುಲಭದ ಕೆಲಸ ಎಂದು ಆಗ ಅನ್ನಿಸಿತ್ತು.

ಆ ಸಲ ಮಳೆ ತಡವಾಗಿ ಬಂದು ಜೋರಾಗಿ ಸುರಿಯಿತು. ಎರೆಮಣ್ಣು ಚಪ್ಪಲಿಗೆ ಹತ್ತಿ ಒಂದೊಂದು ಕಾಲು ಎತ್ತಿಡುವುದೂ ಕಷ್ಟ. ಮಳೆ ಬಿಟ್ಟ ಒಂದು ವಾರದಲ್ಲಿ ತೆಪ್ಪಗಳನ್ನು ಕಟ್ಟಿದೆವು. ಹಗ್ಗ ರಜಾಕ್ ಸಾಬರದು, ಗಂಟುಗಳೂ ಅವರವೇ. ಬೇರೆ ಯಾರಾದರೂ ಗಂಟು ಹಾಕಿದರೆ ಬಿಚ್ಚಿ ಮತ್ತೆ ಹಾಕುತ್ತಿದ್ದರು. ತೆಪ್ಪಗಳನ್ನು ನಡುನೀರಿಗೆ ಎಳೆದೊಯ್ಯಲು ದೇವದುರ್ಗದ ಕಡೆಯ ಕೃಷ್ಣಾ ದಂಡೆಯಿಂದ ಒಂದು ಹರಿಗೋಲು ತರಿಸಿದ್ದರು. ಹುಸೇನಪ್ಪನಿಗೆ ಹುಟ್ಟು ಹಾಕಲು ಬರುತ್ತಿರಲಿಲ್ಲ. ಆ ಬುಟ್ಟಿಯಂಥ ದೋಣಿ ನಿಂತಲ್ಲೇ ಗಿರಗಿರನೆ ತಿರುಗಿತು.

“ಏ ಹುಸೇನಪ್ಪಾ, ಗಾಣಕ್ಕ ಹೂಡ್ಯಾರೇನಲೇ ನಿನ್ನ? ಎಣ್ಣಿ ಬಂತೇನ್ ನೋಡು!” ಎಂದು ರಜಾಕ್ ಸಾಬರು ಮೆಟ್ಟಿಲ ಮೇಲಿಂದ ಕೂಗಿದರು.

“ನೀವ ಬರ್ರಿ ಚಾಚಾ, ಇಬ್ರೂ ಸುತ್ತೂಣು. ನನಗೊಬ್ಬಗ ತಲಿ ತಿರುಗಾಕತ್ತದ!”

ನಾನು ಅಷ್ಟು ನಕ್ಕದ್ದು ಆಮೇಲೆ ಕಡಿಮೆ. ಬಾಟಲಿ ಕೈಯಿಂದ ಜಾರಿ ಕೆಸರಿಗೆ ಬಿತ್ತು, ಹುಸೇನಪ್ಪ ದೋಣಿಯಿಂದಲೇ, “ಮೇಡಮ್ಮೋರ ಹಾಲ್ ಚೆಲ್ಲಿತು!” ಎಂದು ಸಾರಿದ.

ದೀಪಾವಳಿಯ ಹೊತ್ತಿಗೆ ವಾಸನೆ ಹೋಯಿತು. ಗಿರಣಿಯವರು ಮಾತು ಉಳಿಸಿಕೊಂಡಿದ್ದರು. ಕಾಬಾಳೆ ಮೊಣಕಾಲೆತ್ತರ ಬೆಳೆದು ಕೆಂಪು ಹೂ ಬಿಟ್ಟಿತು. ಕಪ್ಪು ನೀರು ಕಷಾಯದ ಬಣ್ಣಕ್ಕೆ ಬಂತು, ಆಮೇಲೆ ತೆಳುವಾಯಿತು. ಚಳಿ ಶುರುವಾದ ಒಂದು ಮಂಗಳವಾರ ಬಾಟಲಿಯಲ್ಲಿ ಮೊದಲ ಸಲ ಕಂದು ಬಣ್ಣ ಕಂಡಿತು. ತಿಳಿಯಾದ ಕಂದು, ಆದರೆ ಕಂದು. ಹುಸೇನಪ್ಪ ಮನೆಗೆ ಓಡಿ ಮೂರು ಕಪ್ ಚಹಾ ತಂದ. ಒಂದನ್ನು ಬಾಟಲಿಯ ಪಕ್ಕ ಹಿಡಿದು ನೋಡಿ, “ನಮ್ಮನ್ಯಾಗ ಹಾಲ್ ಜಾಸ್ತಿ ಹಾಕ್ಯಾಳ್ರಿ. ಕೆರಿ ಚಾನ ಖಡಕ್ ಅದ” ಎಂದ.

ರಜಾಕ್ ಸಾಬರು ಒಂದು ಬೊಗಸೆ ನೀರೆತ್ತಿ ಬಿಸಿಲಿಗೆ ಹಿಡಿದರು. “ಬಣ್ಣ ಹೋತು. ವಾಸನಿ ಹೋತು.”

“ರುಚಿ ನೋಡಬ್ಯಾಡ್ರಿ ಚಾಚಾ.”

“ನೋಡಂಗಿಲ್ಲ. ನೀ ಹೇಳೂತನಾ ನೋಡಂಗಿಲ್ಲ” ಎಂದು ನೀರನ್ನು ಕೆರೆಗೇ ಬಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡರು.

ಉಳಿದದ್ದು ರೋಗಾಣುಗಳ ಪರೀಕ್ಷೆ. ವಜೂ ಎಂದರೆ ಬಾಯಿಗೆ ನೀರು ಹೋಗುತ್ತದೆ. ಅದಕ್ಕೇ ನಾನು ಹೆದರಿದ್ದು. ಹದಿನೈದು ದಿನಕ್ಕೊಮ್ಮೆ ಆ ಪರೀಕ್ಷೆ ಮಾಡುತ್ತಿದ್ದೆ. ಸತತ ಮೂರು ಸಲ ಸರಿ ಬಂದರೆ ಅವರಿಗೆ ಹೇಳುವುದೆಂದು ನಿರ್ಧರಿಸಿದೆ. ಮೂರು ಸಲ ಬರಬೇಕೆಂದು ನನಗೆ ಯಾರೂ ಹೇಳಿರಲಿಲ್ಲ, ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅದು ನಾನೇ ಹಾಕಿಕೊಂಡ ನಿಯಮ. ಸಂಕ್ರಾಂತಿ ಕಳೆದ ಮೇಲೆ ಮೊದಲನೆಯದು ಸರಿ ಬಂತು. ಹದಿನೈದು ದಿನದ ಮೇಲೆ ಎರಡನೆಯದೂ ಸರಿ ಬಂತು. ಎರಡನ್ನೂ ಅವರಿಗೆ ಹೇಳಲಿಲ್ಲ. ಮೂರನೆಯದನ್ನೂ ಸೇರಿಸಿ ಒಂದೇ ಸಲ ಹೇಳೋಣ, ಆಮೇಲೆ ನಿರಾಸೆ ಆಗಬಾರದು ಎಂದುಕೊಂಡೆ. ಕೇಳಿದಾಗಲೆಲ್ಲ “ಇನ್ನೊಂದ್ ಸ್ವಲ್ಪ ದಿನ” ಎನ್ನುತ್ತಿದ್ದೆ.

ಅದೇ ದಿನಗಳಲ್ಲಿ ತೆಪ್ಪದ ಗಿಡಗಳ ಎಲೆ ಹಳದಿಯಾಗತೊಡಗಿತು. ನನಗೆ ಆಗಿದ್ದು ಸಂತೋಷ. ನೀರಿನಲ್ಲಿದ್ದ ಹೊಲಸೇ ಆ ಗಿಡಗಳ ಊಟ. ಊಟ ಮುಗಿಯುತ್ತಾ ಬಂದಿತ್ತು, ಗಿಡ ಹಸಿದಿತ್ತು. ನೀರು ತಿಳಿಯಾದದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ‘ಎಲೆ ಹಳದಿ’ ಎಂದು ಬರೆದು ಪಕ್ಕಕ್ಕೆ ರೈಟ್ ಗುರುತು ಹಾಕಿದೆ. ಹುಸೇನಪ್ಪ ಹತ್ತಿರ ಬಂದು, “ಮೇಡಂ, ಎಲಿ ಹಳದಿ ಆಗ್ಯಾವಲ್ರಿ” ಎಂದ. “ನೋಡೀನ್ರಿ, ಬರ್ಕೊಂಡೀನಿ” ಎಂದು ಹೇಳಿ ಆಟೋ ಹತ್ತಿದೆ. ಬಸ್ಸಿಗೆ ಹೊತ್ತಾಗಿತ್ತು. ಹಳದಿ ಯಾಕೆ ಒಳ್ಳೆಯದು ಎಂದು ಹೇಳಲು ಎರಡು ನಿಮಿಷ ಬೇಕಿತ್ತು. ಆ ಎರಡು ನಿಮಿಷವನ್ನು ನಾನು ಈ ಮೂರು ವರ್ಷದಲ್ಲಿ ಎಷ್ಟು ಸಲ ಮತ್ತೆ ಕಳೆದಿದ್ದೇನೋ ಲೆಕ್ಕವಿಲ್ಲ.

ಆ ವಾರವೇ ನನ್ನನ್ನು ದೇವದುರ್ಗಕ್ಕೆ ಕಳುಹಿಸಿದರು. ಅಲ್ಲಿನ ಹಳ್ಳಿಗಳ ಬೋರ್‌ವೆಲ್ ನೀರಿನ ಮಾದರಿ ತರುವವರು ಇರಲಿಲ್ಲ. ಎರಡು ಮಂಗಳವಾರ ತಪ್ಪಿದವು, ಮೂರನೆಯ ಪರೀಕ್ಷೆಯೂ ತಪ್ಪಿತು. ಒಂದು ಸಂಜೆ ಕೃಷ್ಣೆಯ ದಂಡೆಯ ಬಂಡೆಯ ಮೇಲೆ ಕೂತಿದ್ದೆ. ಅಷ್ಟು ಅಗಲದ ನೀರು ಎದುರಿಗಿದ್ದರೂ ನನ್ನ ಮನಸ್ಸು ಆ ಸಣ್ಣ ಕೆರೆಯ ಆರನೆಯ ಮೆಟ್ಟಿಲಿನಲ್ಲಿತ್ತು. ರಜಾಕ್ ಸಾಬರು ಅಲ್ಲಿ ಕೂರುವಾಗ ಮೊದಲು ಯಾವ ಕೈ ಮುಂದೆ ಮಾಡುತ್ತಾರೆ, ಎದ್ದಾಗ ಏನು ಹೇಳುತ್ತಾರೆ ಎಂದು ಊಹಿಸುತ್ತ ಕೂತಿದ್ದೆ.

ಮರಳಿ ಬಂದ ಮಂಗಳವಾರ ಆಟೋದಿಂದ ಇಳಿದವಳೇ ನಿಂತುಬಿಟ್ಟೆ. ಕಾಬಾಳೆಯ ಎಲೆಗಳು ಕಡುಹಸಿರಾಗಿ ಹೊಳೆಯುತ್ತಿದ್ದವು. ನೀರೂ ಹಸಿರು, ಅರೆದ ಸೊಪ್ಪಿನಂತೆ.

“ನೋಡ್ರಿ ಎಲಿ! ಹೆಂಗ ಕರ್ರಗಾಗ್ಯಾವ!” ಎಂದು ಹುಸೇನಪ್ಪ ಎದುರಿಗೆ ಬಂದ. “ಹಸ್ತಿದ್ವು ಪಾಪ. ನಾಲ್ಕ್ ದಿನ ನೋಡ್ದೆ, ಕಣ್ಣಿಲೆ ನೋಡಾಕಾಗ್ಲಿಲ್ಲ. ಎರಡ್ ಚೀಲ ಯೂರಿಯಾ ಹಾಕೀನ್ರಿ, ದೋಣ್ಯಾಗ ಹೋಗಿ, ಒಂದೊಂದ್ ಗಿಡದ ಬುಡಕ್ಕ.”

ಭತ್ತ ಬೆಳೆಯುವವನು ಬೇರೆ ಏನು ಮಾಡಿಯಾನು? ಹಳದಿ ಎಲೆ ಕಂಡರೆ ಯೂರಿಯಾ ಹಾಕುವುದನ್ನು ಅವನ ಕೈ ಕಲಿತಿತ್ತು. ಆ ಎರಡು ಚೀಲ ಅವನ ಎರಡನೆಯ ಬೆಳೆಯ ಪಾಲು, ಸೊಸೈಟಿಯ ಮುಂದೆ ಸರದಿಯಲ್ಲಿ ನಿಂತು ತಂದದ್ದು. ಏರಿಯಾಚೆ ಅವನ ಗದ್ದೆಯನ್ನು ನೋಡಿದೆ. ಅಕ್ಕಪಕ್ಕದ ಗದ್ದೆಗಳು ಹಸಿರಾಗಿದ್ದವು, ಅವನದು ಬಿಳಿಚಿಕೊಂಡಿತ್ತು.

“ಹೊಲಕ್ಕ ಆಮ್ಯಾಗ ಹಾಕಿದ್ರಾತು ಅಂದೆ” ಎಂದ ನನ್ನ ಕಣ್ಣು ಹೋದ ಕಡೆ ನೋಡಿ. “ರಂಜಾನ್ ಚಾಂದ್ ಹತ್ರ ಬಂತಲ್ರಿ. ಗಿಡ ಸತ್ರ ನೀರ್ ತಿಳಿ ಆಗಂಗಿಲ್ಲ, ಚಾಚಾಗ ಹೊತ್ತಾಗಬಾರ್ದು.”

ಬಾಟಲಿಗೆ ದ್ರಾವಣ ಹಾಕಿದೆ. ಇಡೀ ವರ್ಷದಲ್ಲಿ ಅಷ್ಟು ಗಾಢವಾದ ಕಂದು ಬಂದಿರಲಿಲ್ಲ. ಹುಸೇನಪ್ಪ ಚಪ್ಪಾಳೆ ತಟ್ಟಿದ. ರಜಾಕ್ ಸಾಬರು ಬಿಳಿ ಅಂಗಿ ಹಾಕಿ, ಹೆಗಲ ಮೇಲೆ ಒಗೆದ ಟವೆಲ್ ಇಟ್ಟುಕೊಂಡು ಮೊದಲನೆಯ ಮೆಟ್ಟಿಲಿನ ಮೇಲೆ ನಿಂತಿದ್ದರು. “ಹೇಳು ಬೇಟಿ” ಎಂದರು.

“ನಾಳೆ ಮುಂಜಾನಿ ಹೇಳ್ತೀನಿ ಚಾಚಾ” ಎಂದೆ. ಯೂರಿಯಾ ಗಿಡಕ್ಕಷ್ಟೇ ಅಲ್ಲ, ಪಾಚಿಗೂ ಊಟ. ಹಸಿರು ಪಾಚಿ ತುಂಬಿದ ನೀರು ಬಿಸಿಲಿನಲ್ಲಿ ತಾನೇ ಗಾಳಿ ಹುಟ್ಟಿಸುತ್ತದೆ, ಕತ್ತಲಾದರೆ ಅದನ್ನೆಲ್ಲ ತಾನೇ ಮುಗಿಸುತ್ತದೆ. ಹಗಲಿನ ಕಂದು ಬಣ್ಣವನ್ನು ನಂಬುವಂತಿರಲಿಲ್ಲ. ಆ ದಿನ ಮಾನ್ವಿಯಲ್ಲಿ ಒಬ್ಬ ಗೆಳತಿಯ ಮನೆಯಲ್ಲಿ ಉಳಿದು, ಹೊತ್ತು ಮೂಡುವಾಗ ಕೆರೆಗೆ ಬಂದೆ.

ಕೆಳಗಿನ ಮೆಟ್ಟಿಲಿನ ಅಂಚಿಗೆ, ನೀರು ತಿಳಿಯಾದ ಮೇಲೆ ಕೆರೆಗೆ ಬಂದಿದ್ದ ಬೆರಳುದ್ದದ ಮೀನುಗಳು ಸಾಲಾಗಿ ಸತ್ತು ಬಿದ್ದಿದ್ದವು. ಉಳಿದವು ಬಾಯಿ ಮೇಲೆ ಮಾಡಿ ಗಾಳಿ ಹುಡುಕುತ್ತಿದ್ದವು. ಬಾಟಲಿ ಬಿಳಿಯಾಯಿತು. ಇಬ್ಬರೂ ಆಗಲೇ ಅಲ್ಲಿದ್ದರು. ರಜಾಕ್ ಸಾಬರು ಅದೇ ಬಿಳಿ ಅಂಗಿಯಲ್ಲಿ ಮೇಲಿನ ಮೆಟ್ಟಿಲಿನ ಮೇಲೆ ಕೂತಿದ್ದರು. ಹುಸೇನಪ್ಪ ನೀರಿಗಿಳಿದು, ಬದುಕಿರುವ ಮೀನುಗಳನ್ನು ಕೊಡದಲ್ಲಿ ಹಿಡಿಯುತ್ತಿದ್ದ. ನನ್ನನ್ನು ನೋಡಿ ಒಂದೇ ಮಾತು ಕೇಳಿದ.

“ನಾ ಹಾಕಿದ್ದಕ್ಕೇನ್ರಿ?”

ಅವನ ಕೈಯಲ್ಲಿ ಒಂದು ಮೀನು ಇತ್ತು. “ಅಲ್ಲ” ಎಂದೆ. “ಬಿಸಿಲು ಜಾಸ್ತಿ ಆತು, ಅದಕ್ಕ.”

ಆ ಸುಳ್ಳು ಅವನಿಗಾಗಿ ಹೇಳಿದ್ದು ಎಂದು ಬಹಳ ದಿನ ನಂಬಿದ್ದೆ. ನಿಜ ಹೇಳಿದ್ದರೆ ಊರು ಅವನ ಹೆಸರು ಹಿಡಿದು ಆಡಿಕೊಳ್ಳುತ್ತಿತ್ತು, ಅದು ಹೌದು. ಆದರೆ ನಿಜ ಹೇಳಿದ್ದರೆ ಮುಂದಿನ ಪ್ರಶ್ನೆ ನನಗೆ ಬರುತ್ತಿತ್ತು. ಅವನಿಗೆ ಹೇಳಬೇಕಾದವರು ಯಾಕೆ ಹೇಳಲಿಲ್ಲ?

ವರ್ಷದ ಕೊನೆಯ ವರದಿ ಆ ತಿಂಗಳೇ ಕೊಡಬೇಕಿತ್ತು. ಅಂಕಿಗಳನ್ನು ಇದ್ದಂತೆ ಬರೆದೆ, ಒಂದನ್ನೂ ತಿದ್ದಲಿಲ್ಲ. ಅಂಕಿಗಳ ಬದಿಗೆ ಷರಾ ಎಂಬ ಕಲಂ ಇರುತ್ತದೆ, ಕಾರಣ ಬರೆಯುವುದಕ್ಕೆ. ಅದನ್ನು ಖಾಲಿ ಬಿಟ್ಟೆ. ವರದಿ ಓದಿದವರು ಇಲ್ಲಿನ ಬಿಸಿಲಿಗೆ ಈ ಗಿಡಗಳು ತಾಳುವುದಿಲ್ಲ ಎಂದು ತಿಳಿದುಕೊಂಡರು. ತೆಪ್ಪಗಳನ್ನು ಎಳೆದು ದಂಡೆಗೆ ಹಾಕಿದರು. ಗಿರಣಿಯವರು ಗುಂಡಿ ಮುಚ್ಚಿದರು. ನನ್ನ ಗುತ್ತಿಗೆ ಮುಗಿಯಿತು, ಬೇರೆ ಕೆಲಸ ಸಿಕ್ಕಿತು. ಕೊನೆಯ ಮಂಗಳವಾರ ರಜಾಕ್ ಸಾಬರು ನಳದ ಕೆಳಗೆ ಪ್ಲಾಸ್ಟಿಕ್ ತಂಬಿಗೆ ಹಿಡಿದು ಕೂತಿದ್ದರು. “ಬರೂ ವರ್ಷ ನೋಡೂಣು ಬೇಟಿ, ಗಡಬಡಿ ಏನದ?” ಎಂದರು. ನಾನು ಆ ಕಡೆ ಮತ್ತೆ ಹೋಗಲಿಲ್ಲ. ಮಂಗಳವಾರ ಬಂದರೆ ಮಾತ್ರ, ಎಲ್ಲಿದ್ದರೂ, ಬೆಳಿಗ್ಗೆ ತೊಡೆಯ ಮೇಲೆ ಏನೋ ಭಾರ ಇರಬೇಕಿತ್ತು ಅನ್ನಿಸುತ್ತಿತ್ತು.

ಹೋದ ತಿಂಗಳು ಅದೇ ರಸ್ತೆಯಲ್ಲಿ ಆಟೋದಿಂದ ಇಳಿದೆ. ನೀರು ಕಪ್ಪಗಿತ್ತು. ಮಸೀದಿಯ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಹುಸೇನಪ್ಪ ಗದ್ದೆಯಲ್ಲಿ ಬದು ಕಟ್ಟುತ್ತಿದ್ದ. ನೋಡಿದ ಕೂಡಲೇ ಗುರುತು ಹಿಡಿದು, ಕೆಸರಿನ ಕೈಯಲ್ಲೇ ಬಂದ.

“ಎಷ್ಟ್ ದಿನ ಆತ್ ಯವ್ವಾ! ಬರ್ರಿ, ಬರ್ರಿ. ಚಾಚಾ ಹೋಗಿಬಿಟ್ಟ. ಹ್ವಾದ್ ವರ್ಷ, ಮಳಿಗಾಲದಾಗ.”

ನಾವು ಏರಿಯ ಮೇಲೆ ಕೂತೆವು. ನಾನು ಎಲ್ಲವನ್ನೂ ಹೇಳಿದೆ. ಹಳದಿ ಯಾಕಾಗಿತ್ತು, ಹಳದಿ ಆಗಲೇಬೇಕಿತ್ತು, ಮೀನು ಯಾಕೆ ಸತ್ತವು, ನಾನು ಬಿಸಿಲು ಎಂದು ಯಾಕೆ ಹೇಳಿದೆ, ವರದಿಯಲ್ಲಿ ಏನು ಬರೆಯಲಿಲ್ಲ. ಅಷ್ಟರಲ್ಲಿ ಅವನ ಕೈಯ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅವನು ಬೈಯುತ್ತಾನೆ ಎಂದು ಕಾದೆ.

“ಅಂದ್ರ, ನಾ ಹಾಕೋಕ್ಕಿಂತ ಮೊದ್ಲು ನೀರ್ ಛಲೋ ಆಗಿತ್ತೇನ್ರಿ?” ಎಂದು ಕೇಳಿದ.

“ಆಗಿತ್ತು. ಎರಡು ಸಲ ನೋಡಿದ್ದೆ, ಎರಡೂ ಸಲ ಸರಿ ಬಂದಿತ್ತು.”

“ಆವಾಗ ಚಾಚಾ ಇಳಿಬಹುದಿತ್ತೇನ್ರಿ?”

ಮೂರನೆಯದು ಬಂದಿರಲಿಲ್ಲ ಎನ್ನಬಹುದಿತ್ತು. ಅದೂ ನಿಜವೇ. “ಇಳಿಬಹುದಿತ್ತು” ಎಂದೆ.

ಅವನು ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. “ನನಗ ಹೇಳಿದ್ರ ಮುಗೀತಿತ್ತಲ್ಲ ಯವ್ವಾ” ಎಂದ. ದನಿ ಏರಿರಲಿಲ್ಲ. “ಹಳದಿ ಆಗ್ಲಿ ಅಂದಿದ್ರ, ನಾ ಯಾಕ ಹಾಕ್ತಿದ್ದೆ?”

ಅವನೇ ಎದ್ದು, ರಸ್ತೆಯವರೆಗೆ ನನ್ನ ಚೀಲ ಹಿಡಿದುಕೊಂಡು ಬಂದ. ಮಾನ್ವಿ ಕಡೆಯ ಆಟೋ ಬಂತು, ಹತ್ತಿ ಕೂತೆ. ಚೀಲ ಒಳಗಿಟ್ಟವನು ಆಟೋದ ಕಂಬಿ ಬಿಡದೆ ನಿಂತ. ಗಿರಣಿಯ ಕಡೆ ಒಮ್ಮೆ, ಕೆರೆಯ ಕಡೆ ಒಮ್ಮೆ ನೋಡಿದ.

“ಹಂಗಾದ್ರ ಗಿಡದ ತಪ್ಪಲ್ಲ.”

“ಅಲ್ಲ.”

“ಅದನ್ನರ ಬರದು ಕೊಡ್ರಿ. ನನ್ನ ಹೆಸರ್ ಹಾಕ್ರಿ, ಹುಸೇನಪ್ಪ ಯೂರಿಯಾ ಹಾಕಿದ ಅಂತ ಹಾಕ್ರಿ, ನನಗೇನಾಗಂಗಿಲ್ಲ. ಮತ್ತೊಮ್ಮಿ ತೆಪ್ಪ ಕಟ್ಟೂಣು.” ಆಟೋದವನು ಅವಸರ ಮಾಡಿದ. ಹುಸೇನಪ್ಪ ಕಂಬಿ ಬಿಡಲಿಲ್ಲ. “ಈ ಸಲ ಎಷ್ಟರ ಹಳದಿ ಆಗ್ಲಿ, ಕೈ ಕಟ್ಕೊಂಡ್ ಕೂಡ್ತೀನಿ ಯವ್ವಾ. ನೋಡ್ಕೋಂತ ಕೂಡ್ತೀನಿ.”